ಮಗ ರ‍್ಯಾಂಬೋ ಆಗಲು ಹೊರಟಿದ್ದಾನೆ ಎಂದವರಿಗೆ

ಹಾಸನದ ಓದುಗರೊಬ್ಬರ ಪತ್ರ: "ಹೋದ ಸಂಚಿಕೆಯಲ್ಲಿ ಫ್ರೆಂಚ್ ಕವಿ ಆರ್ಥರ್ ರ‍್ಯಾಂಬೋ ಬಗ್ಗೆ ಲೇಖನ ಹಾಕಿದ್ದಿರಿ. ಪಿಯುಸಿ ಓದುವ ನನ್ನ ಮಗ ಅದನ್ನು ಓದಿದಾಗಿನಿಂದ ಕವಿಗೆ ಕ್ಲಾಸು ಯಾಕೆ ಅನ್ನುತ್ತಿದ್ದಾನೆ. ಮನೆ ಬಿಟ್ಟು ಓಡಿದವನು, ಕುಡುಕ, ಗೆಳೆಯನ ಕೈಯಲ್ಲೇ ಗುಂಡೇಟು ತಿಂದವನು. ಇಪ್ಪತ್ತಕ್ಕೇ ಬರೆಯೋದು ಬಿಟ್ಟಿದ್ದು ಪಶ್ಚಾತ್ತಾಪದಿಂದ ಅಲ್ವಾ? ಆಮೇಲೆ ಆಫ್ರಿಕಾದಲ್ಲಿ ಗುಲಾಮರನ್ನು ಮಾರಿದನಂತೆ. ಇಂಥವನನ್ನು ಯಾಕೆ ಮೆರೆಸುತ್ತೀರಿ? ಹುಡುಗ ಓದಲೇಬೇಕು ಅಂದರೆ ಎಲ್ಲಿಂದ ಶುರು ಮಾಡಲಿ?"

ಪ್ರಿಯ ಓದುಗರೇ,

ಮೊದಲು ಕ್ಲಾಸಿನ ವಿಷಯ. ನಿಮ್ಮ ಮಗನಿಗೆ ಇದನ್ನು ಓದಿ ಹೇಳಿ. 1869ರಲ್ಲಿ, ಇನ್ನೂ 14 ವರ್ಷದ ರ‍್ಯಾಂಬೋ ಲ್ಯಾಟಿನ್ ಪದ್ಯರಚನೆಯ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಗೆದ್ದ. ಮರುವರ್ಷ ಆಗಸ್ಟ್‌ನಲ್ಲಿ ಬಹುಮಾನಗಳ ರಾಶಿಯನ್ನೇ ಹೊತ್ತುಕೊಂಡು ಶಾಲೆಯಿಂದ ಬಂದ. ಅದೇ ತಿಂಗಳ ಕೊನೆಗೆ ಪ್ಯಾರಿಸ್ಸಿಗೆ ಓಡಿಹೋದ. ಟಿಕೆಟ್ಟಿಗೆ ಪೂರ್ತಿ ದುಡ್ಡಿರಲಿಲ್ಲ. ಇಳಿದ ಕೂಡಲೇ ಹಿಡಿದು ಮಜಾಸ್ ಜೈಲಿಗೆ ಹಾಕಿದರು. ಬಿಡಿಸಿದವರು ಯಾರು? ಅವನ ಮೇಷ್ಟ್ರು, ಜಾರ್ಜ್ ಇಝಾಂಬಾರ್! ಅವರಿಗೂ ಆಗ ಇಪ್ಪತ್ತೊಂದೇ ವರ್ಷ. ಇನ್ನು ಶಾಲೆ. ಜರ್ಮನ್ನರ ಜೊತೆ ಯುದ್ಧ ನಡೆಯುತ್ತಿತ್ತು, ಶಾರ್ಲ್‌ವಿಲ್ ಊರಿನ ಶಾಲೆ ರಜೆ ಮುಗಿದರೂ ತೆರೆಯಲಿಲ್ಲ. ತಿಂಗಳುಗಳು ಕಳೆದು ತೆರೆದಾಗ ಇವನು ಹೋಗಲಿಲ್ಲ, ಅದೂ ನಿಜವೇ. ಆದರೆ ಊರಿನ ಲೈಬ್ರರಿಯಲ್ಲಿ ಕೂತು ಓದುವುದನ್ನು ಬಿಡಲಿಲ್ಲ.

1871ರ ಮೇ 15ರಂದು ಅವನು ಕವಿ ಪಾಲ್ ದೆಮೆನಿಗೆ ಬರೆದ ಪತ್ರವೊಂದಿದೆ. ಕವಿಯಾದವನು ಎಲ್ಲ ಇಂದ್ರಿಯಗಳನ್ನೂ ಕೆಡಿಸಿಕೊಳ್ಳಬೇಕು ಎಂದು ಅದರಲ್ಲಿ ಬರುತ್ತದೆ. ಹುಡುಗರೆಲ್ಲ ಹಿಡಿದುಕೊಳ್ಳುವುದು ಇದೊಂದನ್ನೇ. ಕವಿಯಾಗಬೇಕೆನ್ನುವವನ ಮೊದಲ ಕೆಲಸ ತನ್ನನ್ನು ತಾನು ಪೂರ್ತಿ ತಿಳಿಯುವುದು ಎಂದೂ ಅದೇ ಪತ್ರದಲ್ಲಿದೆ. ಗ್ರೀಕರಿಂದ ಹಿಡಿದು ತನ್ನ ಕಾಲದವರೆಗಿನ ಕವಿಗಳನ್ನು ಸಾಲಾಗಿ ನಿಲ್ಲಿಸಿ ತೂಗುತ್ತಾನೆ. ಲಂಕೇಶರು ಕನ್ನಡಕ್ಕೆ ತಂದ ಬೋದಿಲೇರನನ್ನು ಕವಿಗಳ ರಾಜ ಎಂದು ಹೊಗಳಿ, ಮರುಕ್ಷಣವೇ ಅವನ ಪದ್ಯದ ಆಕಾರ ಸಾಲದು ಎನ್ನುತ್ತಾನೆ. ಹದಿನಾರರ ಹುಡುಗನ ಪೊಗರು, ಸರಿ. ಆದರೆ ಓದದೇ ಹೀಗೆ ಬೈಯಲು ಬರುವುದಿಲ್ಲ.

ಇನ್ನು ಪುಂಡಾಟ. ಅದನ್ನು ಮುಚ್ಚಿಡಲು ನನಗೆ ಇಷ್ಟವಿಲ್ಲ. ಕವಿ ಪಾಲ್ ವರ್ಲೇನ್ ಕರೆಸಿಕೊಂಡ ಮೇಲೆ 1871ರ ಸೆಪ್ಟೆಂಬರ್‌ನಲ್ಲಿ ರ‍್ಯಾಂಬೋ ಪ್ಯಾರಿಸ್ಸಿಗೆ ಬಂದು ಅವನ ಮಾವನ ಮನೆಯಲ್ಲೇ ಇಳಿದುಕೊಂಡ. ಸಾಹಿತಿಗಳ ಊಟದ ಕೂಟವೊಂದರಲ್ಲಿ ಕುಡಿದು, ಒಳಗೆ ಕತ್ತಿ ಇರುವ ಕೋಲಿನಿಂದ ಫೋಟೋಗ್ರಾಫರ್ ಕಾರ್ಜಾಗೆ ಗಾಯ ಮಾಡಿದ. ಇವತ್ತು ಟೀ ಶರ್ಟುಗಳ ಮೇಲೆ ಕಾಣುವ ರ‍್ಯಾಂಬೋ ಮುಖ ಅದೇ ಕಾರ್ಜಾ ತೆಗೆದ ಫೋಟೋ! 1872ರಲ್ಲಿ ಫಾಂತಾಂ ಲಾತೂರ್ ಬರೆದ ಕವಿಗಳ ಗುಂಪುಚಿತ್ರ ಪ್ಯಾರಿಸ್ಸಿನ ಓರ್ಸೇ ಮ್ಯೂಸಿಯಮ್ಮಿನಲ್ಲಿದೆ. ಅದರ ಎಡತುದಿಯಲ್ಲಿ ವರ್ಲೇನ್, ಅವನ ಪಕ್ಕ ಗಲ್ಲಕ್ಕೆ ಕೈ ಕೊಟ್ಟು ಕೂತ ರ‍್ಯಾಂಬೋ. ಬಲತುದಿಯಲ್ಲಿ ಮಾತ್ರ ಮನುಷ್ಯನ ಬದಲು ಹೂವಿನ ಕುಂಡ. ಇವರಿಬ್ಬರ ಜೊತೆ ಕೂರಲ್ಲ ಎಂದು ಆಲ್ಬೇರ್ ಮೆರಾ ಎಂಬ ಕವಿ ಹಟ ಹಿಡಿದ, ಚಿತ್ರಕಾರ ಅವನ ಜಾಗದಲ್ಲಿ ಹೂ ಬರೆದ. ಇವತ್ತು ಮೆರಾ ಹೆಸರು ಕೇಳುವುದೇ ಆ ಹೂವಿನಿಂದ.

ಇದರಲ್ಲಿ ನಗು ಬರುತ್ತದೆ. ವರ್ಲೇನನ ಹೆಂಡತಿ ಮಟಿಲ್ಡ್ ಕಡೆಯಿಂದ ನೋಡಿದರೆ ಬರುವುದಿಲ್ಲ. ಅವಳಿಗೆ 18 ವರ್ಷ, ಅಕ್ಟೋಬರ್‌ನಲ್ಲಿ ಹೆತ್ತ ಮಗು ಕೈಯಲ್ಲಿ. ಗಂಡ ಕುಡಿದು ಬಂದು ಹೊಡೆಯುತ್ತಿದ್ದ. ಕೊನೆಗೆ ರ‍್ಯಾಂಬೋ ಜೊತೆ ಬ್ರಸೆಲ್ಸ್‌ಗೆ, ಅಲ್ಲಿಂದ ಲಂಡನ್ನಿಗೆ ಹೊರಟೇಹೋದ. ರ‍್ಯಾಂಬೋ ದಂತಕತೆ ಹೇಳುವವರು ಈ ಹೆಣ್ಣುಮಗಳನ್ನು ಗಂಡನಿಗೆ ಅಡ್ಡಬಂದವಳು ಅನ್ನುವ ಹಾಗೆ ಕಾಣುತ್ತಾರೆ. ನನಗಂತೂ ಅದು ಸಹಿಸುವುದಿಲ್ಲ.

ಗುಂಡೇಟು 1873ರ ಜುಲೈ 10ರಂದು, ಬ್ರಸೆಲ್ಸ್ ಹೋಟೆಲ್ಲಿನ ರೂಮಿನಲ್ಲಿ. ರ‍್ಯಾಂಬೋ ಬಿಟ್ಟುಹೋಗುತ್ತೇನೆ ಎಂದ. ವರ್ಲೇನ್ ಬೆಳಿಗ್ಗೆಯಷ್ಟೇ ಕೊಂಡ ರಿವಾಲ್ವರಿನಿಂದ ಎರಡು ಸಲ ಹಾರಿಸಿದ. ಒಂದು ಗುಂಡು ಎಡ ಮಣಿಕಟ್ಟಿಗೆ ತಗುಲಿತು. ರ‍್ಯಾಂಬೋ ಆಮೇಲೆ ದೂರು ವಾಪಸ್ ಪಡೆದ. ಆದರೂ ವರ್ಲೇನ್‌ಗೆ ಎರಡು ವರ್ಷ ಶಿಕ್ಷೆ ಆಯಿತು. 23 ಫ್ರಾಂಕಿಗೆ ಬಂದ ಆ ರಿವಾಲ್ವರ್ 2016ರ ಹರಾಜಿನಲ್ಲಿ 4 ಲಕ್ಷ ಯೂರೋ ದಾಟಿತು.

ಪಶ್ಚಾತ್ತಾಪದ ಕತೆಗೆ ಮೂಲ ಇಲ್ಲಿದೆ. ಅದೇ ವರ್ಷ ರ‍್ಯಾಂಬೋ 'ನರಕದಲ್ಲೊಂದು ಋತು' ಎಂಬ ಗದ್ಯಕಾವ್ಯವನ್ನು ಬ್ರಸೆಲ್ಸ್‌ನಲ್ಲಿ ಅಚ್ಚು ಹಾಕಿಸಿದ. ಆಮೇಲೆ ಪ್ರತಿಗಳನ್ನೆಲ್ಲ ಸುಟ್ಟುಹಾಕಿದ ಎಂದು ತಂಗಿ ಇಸಬೆಲ್ ಹೇಳಿಕೊಂಡು ಬಂದಳು. 1901ರಲ್ಲಿ ಬೆಲ್ಜಿಯಂನ ಪುಸ್ತಕಪ್ರೇಮಿಯೊಬ್ಬರು ಮುದ್ರಕರ ಗೋದಾಮಿಗೆ ಹೋದರೆ ನಾನೂರಕ್ಕೂ ಜಾಸ್ತಿ ಪ್ರತಿಗಳು ಕಟ್ಟುಕಟ್ಟಾಗಿ ಬಿದ್ದಿದ್ದವು! ಬಿಲ್ ಪೂರ್ತಿ ಕಟ್ಟಿರಲಿಲ್ಲ, ಅಷ್ಟೆ. ಪತ್ರಿಕೆ ನಡೆಸುವ ನಮಗೆ ಈ ಸಂಕಟ ಚೆನ್ನಾಗಿ ಅರ್ಥವಾಗುತ್ತದೆ. ಅಷ್ಟೇ ಅಲ್ಲ, 'ಇಲ್ಯುಮಿನೇಶನ್ಸ್' ಗದ್ಯಕವಿತೆಗಳಲ್ಲಿ ಕೆಲವನ್ನು 1874ರಲ್ಲಿ ಲಂಡನ್ನಿನಲ್ಲಿ ಕೂತು ಪ್ರತಿ ಮಾಡಿದ. ಅಂದರೆ ಗುಂಡೇಟು ತಿಂದು ಹೆದರಿ ಕವಿತೆ ಬಿಟ್ಟವನಲ್ಲ.

ಆಫ್ರಿಕಾಕ್ಕೆ ಬರೋಣ. 1880ರಲ್ಲಿ ಅರೇಬಿಯಾದ ಬಂದರು ಏಡನ್‌ಗೆ ಬಂದು ಕಾಫಿ ವ್ಯಾಪಾರಿ ಬಾರ್ದೆ ಕಂಪನಿಯಲ್ಲಿ ಕೆಲಸಕ್ಕೆ ಸೇರಿದ. ಏಡನ್ ಆಗ ಬಾಂಬೆ ಸರಕಾರದ ಕೈಕೆಳಗಿತ್ತು. ಅಲ್ಲಿಂದ ಇಥಿಯೋಪಿಯಾದ ಹರಾರ್‌ಗೆ. ಮನೆಗೆ ಬರೆದ ಪತ್ರಗಳಲ್ಲಿ ಕವಿತೆಯ ಸುದ್ದಿಯಿಲ್ಲ. ಲೋಹದ ಕೆಲಸದ ಪುಸ್ತಕ ಕಳಿಸಿ, ಮರಗೆಲಸದ್ದು ಕಳಿಸಿ ಎಂಬ ಪಟ್ಟಿಗಳೇ. ಮೆನೆಲಿಕ್ ದೊರೆಗೆ ಸುಮಾರು ಎರಡು ಸಾವಿರ ಹಳೇ ಬಂದೂಕು ಸಾಗಿಸಿ, ಅಂದುಕೊಂಡ ಲಾಭ ಸಿಗದೆ ಕೈ ಸುಟ್ಟುಕೊಂಡ. 1887ರಲ್ಲಿ ಕೈರೋದಿಂದ ಬರೆಯುವಾಗ, ಸೊಂಟಕ್ಕೆ ಕಟ್ಟಿಕೊಂಡ ಎಂಟು ಕಿಲೋ ಚಿನ್ನದ ಭಾರಕ್ಕೆ ಹೊಟ್ಟೆ ಕೆಟ್ಟಿದೆ ಎಂದು ಗೊಣಗುತ್ತಾನೆ. ಗುಲಾಮರ ವ್ಯಾಪಾರ ಮಾಡಿದ ಎಂಬುದಕ್ಕೆ ಪುರಾವೆ ಇಲ್ಲ. ಆದರೆ ನನ್ನ ಕೆಲಸಕ್ಕೆ ಇಬ್ಬರು ಗುಲಾಮ ಹುಡುಗರನ್ನು ಕಳಿಸು ಎಂದು ಮೆನೆಲಿಕ್‌ನ ಸ್ವಿಸ್ ಎಂಜಿನಿಯರ್ ಇಲ್ಗ್‌ಗೆ ಬರೆದಿದ್ದ. ಇಲ್ಗ್ ಒಪ್ಪಲಿಲ್ಲ. ಇದನ್ನೂ ಮಗನಿಗೆ ಹೇಳಿ. ಕವಿತೆ ಚೆನ್ನಾಗಿದೆ ಎಂದ ಮಾತ್ರಕ್ಕೆ ಕವಿಯ ಕಡೆ ವಕಾಲತ್ತು ವಹಿಸಬೇಕಿಲ್ಲ.

ಮಂಡಿಗೆ ಬಂದ ಗಡ್ಡೆ ಅವನನ್ನು ಮುಗಿಸಿತು. 1891ರ ಮೇನಲ್ಲಿ ಮಾರ್ಸೇಯ್ ಆಸ್ಪತ್ರೆಯಲ್ಲಿ ಬಲಗಾಲು ತೆಗೆದರು. ನವೆಂಬರ್ 10ರಂದು ತೀರಿಕೊಂಡ, 37 ವರ್ಷಕ್ಕೆ.

ಎಲ್ಲಿಂದ ಶುರು ಮಾಡಲಿ ಅಂದಿರಲ್ಲ? 1870ರಲ್ಲಿ ದುವೇ ಊರಿನಲ್ಲಿ ಅವನು ಕೈಯಾರೆ ಪ್ರತಿ ಮಾಡಿ ದೆಮೆನಿಗೆ ಕೊಟ್ಟ 22 ಕವಿತೆಗಳಿಂದ. ಮರುವರ್ಷ ಅವನ್ನು ಸುಟ್ಟುಬಿಡಿ ಎಂದು ಬರೆದ. ಪುಣ್ಯಕ್ಕೆ ದೆಮೆನಿ ಕೇಳಲಿಲ್ಲ. ದಾರಿ ನಡೆಯುವ ಖುಷಿ, ಪ್ರೀತಿಯ ತಮಾಷೆ, ಯುದ್ಧದ ಸಿಟ್ಟು, ಎಲ್ಲವೂ ಅವುಗಳಲ್ಲಿದೆ. ಇಂಗ್ಲಿಷ್ ಅನುವಾದ ಸುಲಭವಾಗಿ ಸಿಗುತ್ತದೆ. ಅಂದಹಾಗೆ, ಫ್ರಾನ್ಸಿನಲ್ಲಿ ಈಗ ನಿಮ್ಮ ಮಗನ ವಯಸ್ಸಿನ ಮಕ್ಕಳಿಗೆ ನಮ್ಮ ಪಿಯುಸಿಯಂಥ ಬ್ಯಾಕ್ ಪರೀಕ್ಷೆಗೆ ಇಟ್ಟಿರುವ ಪಠ್ಯಗಳಲ್ಲಿ ಈ ಕವಿತೆಗಳೂ ಸೇರಿವೆ. ಪರೀಕ್ಷೆಗೆ ಬರುವ ಪಾಠ ಅಂತ ಗೊತ್ತಾದ ಮೇಲೆ ಹುಡುಗನ ಉತ್ಸಾಹ ಎಷ್ಟು ಉಳಿಯುತ್ತದೋ ನೋಡಿ, ನಮಗೂ ಬರೆದು ತಿಳಿಸಿ.

– ಸಂ.