ವಿಟಮಿನ್ ಡಿ ತಗೊಂಡರೆ ಶುಗರ್, ಹಾರ್ಟ್ ತೊಂದರೆ ಎರಡೂ ತಪ್ಪುತ್ತಾ?

ಶುಗರ್ ಬಾರ್ಡರ್‌ನಲ್ಲಿದೆ, ವಿಟಮಿನ್ ಡಿ 14 ಬಂದಿದೆ, ಮಾತ್ರೆ ತಗೊಂಡರೆ ಸಕ್ಕರೆ ಕಾಯಿಲೆ, ಹಾರ್ಟ್ ಅಟ್ಯಾಕ್ ಎರಡೂ ತಪ್ಪುತ್ತಾ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ಅಪ್ಪನಿಗೆ ಹುಷಾರು ತಪ್ಪಿದ ಮೇಲೆ ಇದನ್ನೆಲ್ಲ ಕೂತು ಓದಿದೆ.

14 ಕಡಿಮೆಯೇ. 20ಕ್ಕಿಂತ ಕೆಳಗಿದ್ದರೆ ಕೊರತೆ ಅಂತಾರೆ. ಮೂಳೆಗೆ ಅದು ಬೇಕೇ ಬೇಕು, ಡಾಕ್ಟರ್ ಬರೆದಷ್ಟು ತಗೊಳ್ಳಿ. ಹಾರ್ಟ್ ಅಟ್ಯಾಕ್ ತಡೆಯುತ್ತೆ ಅನ್ನೋ ಆಸೆಯಿಂದ ಮಾತ್ರ ಬೇಡ. ಅಮೆರಿಕದ ‘ವೈಟಲ್’ ಪ್ರಯೋಗದಲ್ಲಿ 25,871 ಜನ ಇದ್ದರು. ಅರ್ಧ ಜನಕ್ಕೆ ದಿನಾ 2,000 ಯೂನಿಟ್ ಡಿ, ಉಳಿದವರಿಗೆ ಔಷಧಿ ಇಲ್ಲದ ಮಾತ್ರೆ. ಐದು ವರ್ಷ ನೋಡಿದರೂ ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಕಡಿಮೆ ಆಗಲಿಲ್ಲ. ಅವರಲ್ಲಿ ತುಂಬಾ ಜನಕ್ಕೆ ಕೊರತೆ ಇರಲಿಲ್ಲ ಅನ್ನೋದೂ ನಿಜ.

ಶುಗರ್ ವಿಷಯಕ್ಕೆ ಬಂದರೆ, 2019ರಲ್ಲಿ ‘ಡಿ2ಡಿ’ ಪ್ರಯೋಗದ ಫಲಿತಾಂಶ ಬಂತು. ನಿಮ್ಮ ಹಾಗೇ ಬಾರ್ಡರ್‌ನಲ್ಲಿದ್ದ 2,423 ಜನ. ದಿನಾ 4,000 ಯೂನಿಟ್ ತಗೊಂಡವರಲ್ಲಿ 293 ಮಂದಿಗೆ ಡಯಾಬಿಟಿಸ್ ಬಂತು, ತಗೊಳ್ಳದವರಲ್ಲಿ 323 ಮಂದಿಗೆ. ಇಷ್ಟು ವ್ಯತ್ಯಾಸ ಸುಮ್ನೆ ಆಕಸ್ಮಿಕವಾಗಿಯೂ ಬರಬಹುದು. ಆಮೇಲೆ ಇಂಥ ಮೂರು ಪ್ರಯೋಗಗಳನ್ನು ಸೇರಿಸಿ ಲೆಕ್ಕ ಹಾಕಿದಾಗ ಬಾರ್ಡರ್‌ನವರಿಗೆ ಡಯಾಬಿಟಿಸ್ ಬರೋ ಸಾಧ್ಯತೆ ಶೇ. 15ರಷ್ಟು ಕಡಿಮೆ ಕಂಡಿದೆ. ಆದರೆ ವಾರಕ್ಕೆ 150 ನಿಮಿಷ ನಡಿಗೆ, ಜೊತೆಗೆ ತೂಕ ಇಳಿಸೋದು, ಇದರಿಂದ ಶೇ. 58ರಷ್ಟು ಕಡಿಮೆಯಾಗಿದ್ದು 2002ರಲ್ಲೇ ಗೊತ್ತಾಗಿತ್ತು. ಶುಗರ್ ಇರೋರಿಗೆ ಡಿ ಯಾಕೆ ಕಡಿಮೆ ಇರುತ್ತೆ ಅಂದರೆ, ಮೈ ದಪ್ಪ ಇದ್ದರೆ ಡಿ ಕೊಬ್ಬಿನಲ್ಲೇ ಉಳಿದುಬಿಡುತ್ತೆ. ಬಿಸಿಲಿಗೆ ಹೋಗದವರು ನಡೆಯೋದೂ ಕಮ್ಮಿ, ಅಲ್ವಾ? ಹಾಗಾಗಿ ಡಿ ಕಡಿಮೆ ಇರೋದೇ ಶುಗರ್‌ಗೆ ಕಾರಣ ಅಂತ ಹೇಳೋಕಾಗಲ್ಲ.

ನಮ್ಮಪ್ಪ ಡಿ ಜಾಸ್ತಿ ಆದರೆ ಶುಗರ್ ಇಳಿಯುತ್ತೆ ಅಂತ ನಂಬಿದ್ದರು. ವಾರಕ್ಕೊಂದು ತಗೋಬೇಕಾದ 60,000 ಯೂನಿಟ್ಟಿನ ಪುಡಿಯನ್ನು ದಿನಾ ರಾತ್ರಿ ಹಾಲಿಗೆ ಕಲಸಿ ಕುಡಿದರು, ಮೂರು ತಿಂಗಳು. ಆಮೇಲೆ ಬಾಯಾರಿಕೆ, ಪದೇ ಪದೇ ಮೂತ್ರ, ಊಟ ಸೇರದು, ಮಲಬದ್ಧತೆ. ಶುಗರ್ ಏರಿದೆ ಅಂದುಕೊಂಡು ನಾವು ಅನ್ನ ಬಿಡಿಸಿದೆವು. ಕೊನೆಗೆ ಡಿ ಅತಿಯಾಗಿ ಏರಿದ್ದು ರಕ್ತದ ಕ್ಯಾಲ್ಸಿಯಂ ಅಂತ ಗೊತ್ತಾಯಿತು. ಐದು ದಿನ ಅಡ್ಮಿಟ್ ಮಾಡಿ ಡ್ರಿಪ್ ಹಾಕಿಸಬೇಕಾಯಿತು.

ಅದಕ್ಕೇ ಹೇಳ್ತಿದೀನಿ, ನಿಮಗೂ 60,000ದ್ದು ಬರೆದಿದ್ದರೆ ದಿನಕ್ಕೋ ವಾರಕ್ಕೋ, ಎಷ್ಟು ವಾರ ಅಂತ ಡಾಕ್ಟರ್ ಹತ್ತಿರ ಬಿಡಿಸಿ ಕೇಳಿ. ಈಗ ಅಮ್ಮನಿಗೂ ಬರೆದಿದ್ದಾರೆ. ಪೊಟ್ಟಣದ ಮೇಲೆ ‘ಭಾನುವಾರ ಮಾತ್ರ’ ಅಂತ ನಾನೇ ಪೆನ್ನಲ್ಲಿ ಬರೆದಿಟ್ಟಿದ್ದೀನಿ.