ಹದಿನೈದು ಮನೆಗಳು ಸೇರಿ ನಮ್ಮ ಕಾಲ ಮೇಲೆ ನಾವೇ ನಿಲ್ಲಬೇಕು ಅಂದ್ರೆ ಮೊದಲು ಏನು ತರಬೇಕು?

ನಿಮ್ಮ ಪ್ರಶ್ನೆ ಇಷ್ಟು: ಹದಿನೈದು ಮನೆಯವರು ಒಟ್ಟಾಗಿ, ಹೊರಗಿನವರ ಕೈ ಕಾಯುವುದನ್ನು ಆದಷ್ಟು ಕಡಿಮೆ ಮಾಡಿಕೊಂಡು ಬದುಕಬೇಕು. ಮೊದಲು ಯಾವ ಯಂತ್ರ ಕೊಳ್ಳಬೇಕು?

ನಾನು ಮಂಡ್ಯ ಜಿಲ್ಲೆ, ಮದ್ದೂರು ಕಡೆಯವನು. ಬೇಸಾಯದ ಜೊತೆಗೆ ನಮ್ಮ ಸಂಘದ ಲೆಕ್ಕ ಬರೆಯುತ್ತೇನೆ. ನಾನು ಹೇಳುವುದು: ಮೊದಲು ಒಂದು ತಕ್ಕಡಿ, ಒಂದು ದಪ್ಪ ಲೆಕ್ಕದ ಪುಸ್ತಕ ತನ್ನಿ. ಉಳುವ ಟಿಲ್ಲರ್ ಆಮೇಲೆ.

ನಮ್ಮ ಕಡೆ ಹಳ್ಳಿಗಳಲ್ಲಿ ಗಟ್ಟಿಯಾಗಿ ಬೇರುಬಿಟ್ಟಿರುವ ಸಹಕಾರ ಅಂದ್ರೆ ಹಾಲಿನ ಡೈರಿ. ಬೆಳಿಗ್ಗೆ ಹೊತ್ತು ಅಲ್ಲಿ ಹೋಗಿ ನಿಂತು ನೋಡಿ. ಕ್ಯಾನು ತಂದವರ ಕಣ್ಣೆದುರೇ ಹಾಲು ಅಳೆಯುತ್ತಾರೆ, ಸ್ಯಾಂಪಲ್ ತೆಗೆದು ಫ್ಯಾಟ್ ನೋಡುತ್ತಾರೆ, ಅಲ್ಲೇ ಬರೆದುಕೊಡುತ್ತಾರೆ. ಎರಡು ಲೀಟರ್ ಹಾಕುವ ಅಜ್ಜಿಗೂ, ಮೂವತ್ತು ಲೀಟರ್ ಹಾಕುವವರಿಗೂ ಒಂದೇ ಸಾಲು. ಎಲೆಕ್ಷನ್ ಜಗಳದಲ್ಲಿ ಮಾತು ಬಿಟ್ಟವರೂ ಆ ಸಾಲಿನಲ್ಲಿ ಹಿಂದೆ ಮುಂದೆ ನಿಂತಿರುತ್ತಾರೆ. ಅಳತೆ ಎಲ್ಲರಿಗೂ ಕಾಣುತ್ತೆ, ಬಟವಾಡೆ ಯಾವಾಗ ಅಂತ ಗೊತ್ತಿರುತ್ತೆ. ಹಾಗಾಗಿ ಯಾರೂ ಯಾರನ್ನೂ ಸುಮ್ನೆ ಅನುಮಾನಿಸುವುದಿಲ್ಲ. ನೀವು ಏನೇ ಹಂಚಿಕೊಳ್ಳಿ, ಈ ಪದ್ಧತಿ ಇರಲಿ. ತಿಂಗಳಿಗೊಮ್ಮೆ ಪುಸ್ತಕವನ್ನು ಎಲ್ಲರೆದುರು ಗಟ್ಟಿಯಾಗಿ ಓದಿ. ಓದು ಬರದವರಿಗೂ ಲೆಕ್ಕ ತಿಳಿಯಬೇಕು ಅಲ್ವಾ?

ಖರ್ಚಿಲ್ಲದ ಸಲಕರಣೆ ಮುಯ್ಯಾಳು. ನಾಟಿಗೋ ಕೊಯ್ಲಿಗೋ ಇವತ್ತು ನಾವು ನಿಮ್ಮ ಗದ್ದೆಗೆ, ನಾಳೆ ನೀವು ನಮ್ಮ ಗದ್ದೆಗೆ. ಯಾವ ಮನೆಯಿಂದ ಎಷ್ಟಾಳು ಬಂದರು ಅಂತ ಬರೆದಿಟ್ಟರೆ ಸಾಕು. ಹೆಣ್ಣಾಳು, ಗಂಡಾಳು ಅಂತ ಲೆಕ್ಕದಲ್ಲಿ ಭೇದ ಮಾಡಬೇಡಿ. ಇದರಲ್ಲಿ ನಾನು ಯಾರ ಮಾತಿಗೂ ಬಗ್ಗುವುದಿಲ್ಲ.

ಯಂತ್ರ ತಂದ ಮೇಲೆ ಜಗಳ ಏಳುವುದು ಎರಡು ಕಡೆ: ಸರದಿ, ರಿಪೇರಿ. ಸರದಿಗೆ ಹಂಗಾಮಿನ ಮೊದಲೇ ಚೀಟಿ ಎತ್ತಿ, ಗೋಡೆಗೆ ಅಂಟಿಸಿ. ಬೆಲ್ಟು, ಬ್ಲೇಡು, ಆಯಿಲ್ ಥರದ ಸವೆಯುವ ಖರ್ಚು ಸಂಘದ್ದು. ಕಲ್ಲಿಗೆ ಹೊಡೆಸಿ ಮುರಿದರೆ ಓಡಿಸಿದವರದ್ದು. ಡೀಸೆಲ್ ತುಂಬಿಸಿಯೇ ವಾಪಸ್ ಕೊಡಬೇಕು. ಇನ್ನೊಂದು ಮಾತು ತುಂಬಾ ಜನ ಮರೆಯುತ್ತಾರೆ. ಎರಡು ಲಕ್ಷದ ಟಿಲ್ಲರ್ ಎಂಟು ವರ್ಷ ಬಾಳುತ್ತೆ ಅಂದುಕೊಳ್ಳಿ. ಅದನ್ನು ಬಳಸುವ ಮನೆಗಳು ಸಂಘಕ್ಕೆ ಕೊಡುವ ಬಾಡಿಗೆಯಿಂದ ವರ್ಷಕ್ಕೆ 25,000 ರೂಪಾಯಿ ತೆಗೆದು ಬೇರೆ ಇಡಲೇಬೇಕು. ಇಲ್ಲದಿದ್ರೆ ಒಂಬತ್ತನೇ ವರ್ಷ ಮತ್ತೆ ಸಾಲದ ಬಾಗಿಲಿಗೆ ಹೋಗಬೇಕಾಗುತ್ತೆ.

ದುಡ್ಡಿನ ವಿಷಯ ಸರಳ. 10ರಿಂದ 20 ಜನರ ಸ್ವಸಹಾಯ ಸಂಘ ಮಾಡಿಕೊಳ್ಳಿ. ಅದಕ್ಕೆ ನೋಂದಣಿ ಕಡ್ಡಾಯವಿಲ್ಲ, ಸಂಘದ ಹೆಸರಿನಲ್ಲೇ ಬ್ಯಾಂಕ್ ಖಾತೆ ತೆರೆಯಬಹುದು. ಇಂಥ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸವನ್ನು ಕೃಷಿ, ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ಆದ ನಬಾರ್ಡ್ 1992ರಲ್ಲೇ ಶುರು ಮಾಡಿತು. ಸಂಘ ದೊಡ್ಡದಾದ ಮೇಲೆ ನೋಂದಣಿ ಮಾಡಿಸಲು 1959ರ ಸಹಕಾರ ಸಂಘಗಳ ಕಾಯ್ದೆ ಇದೆ, 1997ರ ಸೌಹಾರ್ದ ಕಾಯ್ದೆ ಇದೆ.

ನೀರಿಗೆ ನಾಲೆಯೊಂದನ್ನೇ ನಂಬಬೇಡಿ. 2023ರಲ್ಲಿ ಮಳೆ ಕೈಕೊಟ್ಟಿತು. 124.80 ಅಡಿ ತುಂಬಬೇಕಾದ ಅಣೆಕಟ್ಟೆ ಕೆಆರ್‌ಎಸ್ ತುಂಬಲಿಲ್ಲ, ಅದರ ನೀರು ನಂಬಿದ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಿನವರೂ ಆಕಾಶ ನೋಡಿದರು. ನಮ್ಮಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 700 ಮಿ.ಮೀ. ಮಳೆ. 100 ಚದರ ಮೀಟರ್ ಚಾವಣಿಯ ಮೇಲೆ ಬೀಳುವುದು 70,000 ಲೀಟರ್. ಮೊದಲ ಮಳೆಯ ಕೊಳೆ ನೀರು ಬಿಟ್ಟರೂ ತೊಟ್ಟಿಗೆ, ಇಂಗುಗುಂಡಿಗೆ ಬೇಕಾದಷ್ಟಾಯಿತು. ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರು ಕುರಿ ಕಾಯುತ್ತಲೇ ಬೆಟ್ಟದಲ್ಲಿ ಕಟ್ಟೆಗಳನ್ನು ತೋಡಿದರು. ಒಬ್ಬರ ಕೈಯಲ್ಲಿ ಅಷ್ಟು ಆಯಿತು, ನೀವು ಹದಿನೈದು ಮನೆಯವರು.

ಬಿತ್ತನೆ ಬೀಜ ನಿಮ್ಮದೇ ಇರಲಿ. ಕಿರುಗಾವಲಿನ ಸೈಯದ್ ಘನಿ ಖಾನ್ ಅವರ ಹೊಲದಲ್ಲಿ ನೂರಾರು ದೇಸಿ ಭತ್ತದ ತಳಿಗಳಿವೆ, ಹೋಗಿ ನೋಡಿ ಬನ್ನಿ. ನಾವು ಸಂಘದಲ್ಲಿ ರಾಜಮುಡಿ ಭತ್ತ ಮತ್ತು ರಾಗಿ ಬೀಜ ಇಟ್ಟಿದ್ದೇವೆ. ಒಂದು ಸೇರು ಒಯ್ದವರು ಕೊಯ್ಲಾದ ಮೇಲೆ ಒಂದೂವರೆ ಸೇರು ತರಬೇಕು. ಬೀಜ ಕೊಡುವ ಮೊದಲು ನೂರು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡುತ್ತೇವೆ. ಭತ್ತವಾದರೆ ಎಂಬತ್ತಾದರೂ ಮೊಳೆಯಬೇಕು, ಇಲ್ಲದಿದ್ರೆ ಊಟಕ್ಕೆ. ಹೈಬ್ರಿಡ್ ಬೀಜ ಮಾತ್ರ ಎತ್ತಿಡಬೇಡಿ, ಮುಂದಿನ ಬೆಳೆ ಒಂದೇ ಸಮ ಬರುವುದಿಲ್ಲ.

ಉಪ್ಪು, ಔಷಧಿ, ಡೀಸೆಲ್ ಹೊರಗಿನಿಂದಲೇ ಬರಬೇಕು. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮದು ನಾಲೆ ಬಯಲೋ, ಮಳೆ ನಂಬಿದ ಹೊಲವೋ, ಎಲ್ಲ ಮನೆಗೂ ಜಮೀನಿದೆಯೋ ಅಂತ ಬರೆಯಿರಿ. ಜಮೀನಿಲ್ಲದ ಮನೆಗಳಿದ್ದರೆ ಬಾಡಿಗೆಯ ಲೆಕ್ಕ ಬೇರೆ ಥರ ಹಾಕಬೇಕಾಗುತ್ತೆ, ಅದನ್ನು ವಿವರವಾಗಿ ಹೇಳುತ್ತೇನೆ.