ಸಿನಿಮಾ ಹಳತಾಯಿತು ಎನ್ನುವ ಮೊದಲು

ನಮಸ್ಕಾರ.

ನೀವು ಕಳಿಸಿದ ‘ಮತ್ತೆ ನೋಡಿದ ಸಿನಿಮಾಗಳು’ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಹಾಗಂತ ‘ಮುಂದೆ ನೋಡೋಣ’ ಎಂದು ಎರಡು ಸಾಲು ಗೀಚಿ ಸಾಗಹಾಕಲೂ ಮನಸ್ಸಿಲ್ಲ. ನಿಮ್ಮ ಮೂರನೆಯ ಪುಟದಲ್ಲಿ ಒಂದು ವಾಕ್ಯವಿದೆ, ಅದು ಬಿಡುತ್ತಿಲ್ಲ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಚಿಕ್ಕಂದಿನಲ್ಲಿ ಮೆಚ್ಚಿದ ಹತ್ತು ಚಿತ್ರಗಳನ್ನು ಈಗ ಮತ್ತೆ ನೋಡಿ, ಒಂದೊಂದಕ್ಕೂ ಒಂದು ಪ್ಯಾರಾ ಕೊಟ್ಟು, ಕೊನೆಯಲ್ಲಿ ‘ಇಂದಿಗೂ ಹೊಸದು’ ಅಥವಾ ‘ಈಗ ನೋಡಲಾಗದು’ ಎಂದು ಷರಾ ಬರೆದಿದ್ದೀರಿ. ಅಂಕಪಟ್ಟಿ ಓದಿದ ಹಾಗಾಯಿತು. ಹತ್ತರಲ್ಲಿ ಒಂದು ಚಿತ್ರದ ಒಂದು ದೃಶ್ಯವಾದರೂ ನನ್ನ ಕಣ್ಣಿಗೆ ಕಟ್ಟಲಿಲ್ಲ.

‘ಧಾರಾವಾಹಿಯ ಹಾಗೆ ಅಗ್ಗವಾಗಿ ಕಂಡಿತು’ ಎಂದು ಎರಡು ಕಡೆ ದೂರಿದ್ದೀರಿ. ಅದು ಚಿತ್ರದ ತಪ್ಪೋ, ನಿಮ್ಮ ಟಿವಿಯದೋ? ಸಿನಿಮಾ ಚಿತ್ರೀಕರಣವಾಗುವುದು ಸಾಮಾನ್ಯವಾಗಿ ಸೆಕೆಂಡಿಗೆ 24 ಫ್ರೇಮುಗಳಲ್ಲಿ. ಈಗಿನ ಅನೇಕ ಟಿವಿಗಳು ಚಲನೆ ನಯವಾಗಿ ಕಾಣಲೆಂದು ನಡುನಡುವೆ ತಾವೇ ಫ್ರೇಮು ಸೃಷ್ಟಿಸಿ ಸೇರಿಸುತ್ತವೆ, ಎಂಥ ಚಿತ್ರವೂ ಸ್ಟುಡಿಯೋದಲ್ಲಿ ತೆಗೆದ ಧಾರಾವಾಹಿಯಾಗಿಬಿಡುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ಆಫ್ ಮಾಡಿ ಇನ್ನೊಮ್ಮೆ ನೋಡಿ. ‘ಬಣ್ಣವೆಲ್ಲ ಕೆಂಪು ಕೆಂಪು’ ಎಂಬ ದೂರೂ ಅಂಥದ್ದೇ. ಆ ಕಾಲದ ಬಣ್ಣದ ಪ್ರಿಂಟುಗಳಲ್ಲಿ ನೀಲಿ ಛಾಯೆಯ ವರ್ಣದ್ರವ್ಯ ಬೇಗ ಮಾಸಿ, ಕೆಂಪಷ್ಟೇ ಉಳಿಯುತ್ತಿತ್ತು. ನೀವು ನೋಡಿದ್ದು ಮಾಸಿದ ಪ್ರಿಂಟಿನ ಪ್ರತಿ. ಛಾಯಾಗ್ರಾಹಕನನ್ನು ಬೈದು ಏನು ಪ್ರಯೋಜನ? ಚಿಕ್ಕಂದಿನಲ್ಲಿ ನೋಡಿದ್ದಾದರೂ ಪೂರ್ತಿ ಚಿತ್ರವೇ ಎಂದು ಹೇಳಲಾಗದು. 2.35:1 ಅಳತೆಯ, ಅಂದರೆ ಎತ್ತರಕ್ಕಿಂತ ಅಗಲ 2.35 ಪಟ್ಟಿರುವ ಅಗಲ ತೆರೆಯ ಚಿತ್ರವನ್ನು ಹಳೆಯ 4:3 ಟಿವಿಗೆ ತುಂಬಿಸಿದರೆ ನಲವತ್ತು ಶೇಕಡಾಕ್ಕಿಂತ ಹೆಚ್ಚು ಭಾಗ ಪಕ್ಕದಲ್ಲೇ ಕತ್ತರಿಸಿ ಹೋಗುತ್ತದೆ. ‘ಕಸ್ತೂರಿ ನಿವಾಸ’ದಂಥದ್ದಾದರೆ ಕೇಳುವುದೇ ಬೇಡ: 1971ರ ಕಪ್ಪು-ಬಿಳುಪು ಚಿತ್ರ, 2014ರಲ್ಲಿ ಬಣ್ಣ ತುಂಬಿಸಿಕೊಂಡು ಮತ್ತೆ ತೆರೆಗೆ ಬಂತು. ಆದ್ದರಿಂದ ಯಾವ ಪ್ರತಿಯನ್ನು, ಯಾವುದರಲ್ಲಿ ನೋಡಿದಿರಿ ಎಂದು ಓದುಗರಿಗೆ ಮೊದಲು ಹೇಳಿ.

‘ಗ್ರಾಫಿಕ್ಸ್ ಹಳತಾದರೆ ಚಿತ್ರ ಸತ್ತಂತೆ’ ಎಂಬ ಮಾತನ್ನು ದಯವಿಟ್ಟು ಕಿತ್ತುಹಾಕಿ. 1993ರ ‘ಜುರಾಸಿಕ್ ಪಾರ್ಕ್’ ಈಗಲೂ ಮೈ ನಡುಗಿಸುತ್ತದಲ್ಲ, ಅದರಲ್ಲಿ ಕಂಪ್ಯೂಟರಿನಲ್ಲಿ ಮಾಡಿದ ಡೈನೋಸಾರುಗಳು ಕಾಣುವುದು ಒಟ್ಟು ಸುಮಾರು ಆರೇ ನಿಮಿಷ. ಮಿಕ್ಕಲ್ಲೆಲ್ಲ ಸ್ಟಾನ್ ವಿನ್‌ಸ್ಟನ್ ತಂಡ ಕಟ್ಟಿದ ಯಂತ್ರದ ಪ್ರಾಣಿಗಳು, ರಾತ್ರಿ, ಮಳೆ, ಮತ್ತು ಪ್ರಾಣಿಯನ್ನು ತೋರಿಸದೆಯೇ ಕಾಯಿಸುವ ನಿರ್ದೇಶಕನ ಹಟ. ನಂತರ ಬಂದ ಎಷ್ಟೋ ಚಿತ್ರಗಳು ಅದಕ್ಕಿಂತ ಮುದಿಯಾಗಿ ಕಾಣುತ್ತವೆ.

‘ಕಾಲವೇ ಅಂತಿಮ ತೀರ್ಪುಗಾರ’ ಎಂದೂ ಬರೆದಿದ್ದೀರಿ. ಯಾವ ಅಂತಿಮ? ‘ಸೈಟ್ ಅಂಡ್ ಸೌಂಡ್’ ಪತ್ರಿಕೆ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರಿಂದ ಸಾರ್ವಕಾಲಿಕ ಶ್ರೇಷ್ಠ ಚಿತ್ರಗಳ ಪಟ್ಟಿ ಮಾಡಿಸುತ್ತದೆ. 1962ರಿಂದ 2002ರವರೆಗೆ ಐದು ಸಲವೂ ‘ಸಿಟಿಜನ್ ಕೇನ್’ ಮೊದಲು. 2012ರಲ್ಲಿ ‘ವರ್ಟಿಗೋ’, 1958ರಲ್ಲಿ ಬಿಡುಗಡೆಯಾದಾಗ ಮಿಶ್ರ ಪ್ರತಿಕ್ರಿಯೆ ಪಡೆದಿದ್ದ ಚಿತ್ರವದು. 2022ರಲ್ಲಿ ಅದನ್ನೂ ಕೆಳಗಿಳಿಸಿ 1975ರ ‘ಜೀನ್ ಡೀಲ್‌ಮನ್’ ಮೇಲೇರಿತು. ತೀರ್ಪುಗಾರರೇ ಬದಲಾಗುತ್ತಾ ಹೋಗುತ್ತಾರೆ ಸ್ವಾಮಿ.

ಈಗ ಆ ವಾಕ್ಯ. ಏಳನೆಯ ಚಿತ್ರದ ಪ್ಯಾರಾದಲ್ಲಿ ಹೀಗೆ ಬರೆದಿದ್ದೀರಿ: ‘ಹಾಸ್ಯನಟ ಹೆಂಡತಿಯ ಕೆನ್ನೆಗೆ ಬಾರಿಸಿದಾಗೆಲ್ಲ ನಾವು ಬಿದ್ದು ಬಿದ್ದು ನಗುತ್ತಿದ್ದೆವು, ಅಕ್ಕ ಮಾತ್ರ ಎದ್ದು ಒಳಗೆ ಹೋಗುತ್ತಿದ್ದಳು.’ ಇಷ್ಟು ಬರೆದು, ಮರು ವಾಕ್ಯದಲ್ಲೇ ಹಾಡುಗಳ ವಿಷಯಕ್ಕೆ ಹಾರಿದ್ದೀರಿ. ಮುಂದಿನ ಪುಟದಲ್ಲಿ ಅದೇ ಚಿತ್ರವನ್ನು ‘ಆ ಕಾಲ ಹಾಗಿತ್ತು’ ಎಂದು ಮಾಫಿ ಮಾಡಿದ್ದೀರಿ.

ನಿಮ್ಮ ಅಕ್ಕನೂ ಆ ಕಾಲದವರೇ ಅಲ್ಲವೇ?

ನಿಮ್ಮ ಲೇಖನ ಇಲ್ಲಿಂದ ಶುರುವಾಗಬೇಕು. ಆ ದೃಶ್ಯ ಈಗ ಕೆಟ್ಟಿತು ಎನ್ನುತ್ತೀರಿ. ಅಕ್ಕನ ಪಾಲಿಗೆ ಅದು ಬಿಡುಗಡೆಯಾದ ದಿನವೇ ಕೆಟ್ಟಿತ್ತೇನೋ. ಬೆನ್ನು ಬಿದ್ದು ಕಾಡುವ ನಾಯಕ, ಕೊನೆಗೆ ಒಲಿಯಲೇಬೇಕಾದ ನಾಯಕಿ, ನಗಿಸಲೆಂದೇ ತಂದು ನಿಲ್ಲಿಸಿದ ದಪ್ಪ ದೇಹದವರು: ಇವೆಲ್ಲ ಕೆಲವರಿಗೆ ಆಗಲೇ ಚುಚ್ಚುತ್ತಿದ್ದವು, ಉಳಿದವರು ಗಮನಿಸಲಿಲ್ಲ. ಹಳೆಯ ಚಿತ್ರ ಮತ್ತೆ ನೋಡುವುದರಲ್ಲಿ ನನಗೆ ಕುತೂಹಲವಿರುವುದು ಇಲ್ಲೇ. ಮೊದಲ ಸಲ ನಮ್ಮ ಪಕ್ಕದಲ್ಲಿ ಕೂತು ನೋಡಿದವರು ಏನನ್ನು ನೋಡಿದರು?

ಆದರೆ ಅಕ್ಕನ ಬಾಯಿಗೆ ನಿಮ್ಮ ಇಂದಿನ ಮಾತುಗಳನ್ನು ತುರುಕಬೇಡಿ. ಒಳಗೆ ಏನೋ ಕೆಲಸವಿದ್ದು ಎದ್ದಿರಲೂಬಹುದು. ಕೇಳಿ ನೋಡಿ. ಸಾಧ್ಯವಾದರೆ ಅದೇ ಚಿತ್ರವನ್ನು ಜೊತೆಗೆ ಕೂತು ನೋಡಿ, ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯಿರಿ. ನೆನಪೇ ಇಲ್ಲ ಎಂದರೆ ಅದನ್ನೂ ಬರೆಯಿರಿ. ಅದೇ ಚಿತ್ರದ ಹಾಡಿಗೆ ಈಗಲೂ ನಿಮ್ಮ ಕಾಲು ತಾಳ ಹಾಕುತ್ತದೆ ಎಂದಿದ್ದೀರಲ್ಲ, ಅದನ್ನು ನಾಚಿಕೆಯಿಂದ ತೆಗೆಯಬೇಡಿ. ಕೆನ್ನೆಯ ಏಟೂ ಇರಲಿ, ತಾಳವೂ ಇರಲಿ, ಒಂದು ಇನ್ನೊಂದನ್ನು ವಜಾ ಮಾಡುವುದು ಬೇಡ.

ಮಿಕ್ಕ ಒಂಬತ್ತು ಚಿತ್ರಗಳನ್ನು ಬಿಟ್ಟುಬಿಡಿ. ಬಾಲ್ಯವೆಂದರೆ ಏನೆಂದು ವಿವರಿಸುವ ಮೊದಲ ಎರಡು ಪ್ಯಾರಾಗಳೂ ಬೇಡ. ಸಾವಿರ ಪದ ಸಾಕು. ಇನ್ನೊಂದು ಮಾತು, ಏಳನೆಯ ಚಿತ್ರದ ಬಿಡುಗಡೆಯ ವರ್ಷ ನಿಮ್ಮಲ್ಲಿ ಎರಡು ಕಡೆ ಎರಡು ಥರ ಇದೆ. ಸರಿಯಾದುದನ್ನು ಹುಡುಕಿ ಹಾಕಿ ಕಳಿಸಿ.

ಸಂಪಾದಕ